ಶಾಮಿಯಾನ, ಸೌಂಡ್, ಹೂವಿನ ಅಲಂಕಾರ, ಈವೆಂಟ್: ಯಾರಿಗೆ ಯಾವ ಸರ್ಕಾರಿ ಯೋಜನೆ ಕೂಡುತ್ತೆ?

ಮಂಟಪ_ಹರಿಹರ

ಒಂದೇ ಕುಟುಂಬದ ಮೂರು ವ್ಯವಹಾರದ ಪ್ರಶ್ನೆ. ಒಬ್ಬರು ಹಳ್ಳಿಯಲ್ಲಿ ಗೋಡೌನ್ ಮಾಡಿ ಶಾಮಿಯಾನ, ಕುರ್ಚಿ, ಪಾತ್ರೆ, ಜನರೇಟರ್ ಬಾಡಿಗೆಗೆ ಕೊಡೋ ಕೆಲಸ ಹೊಸದಾಗಿ ಶುರು ಮಾಡ್ತಾರೆ, ಅಂದಾಜು 12 ಲಕ್ಷ. ಇನ್ನೊಬ್ಬರು ದಾವಣಗೆರೆಯಲ್ಲಿ ಕಾಲೇಜು ಫೆಸ್ಟ್, ಕಂಪನಿ ಕಾರ್ಯಕ್ರಮ ಹಿಡಿದು ಮಾಡಿಸ್ತಾರೆ. ಸ್ವಂತ ಸಾಮಾನು ಏನೂ ಇಲ್ಲ, ಎಲ್ಲ ಬಾಡಿಗೆಗೆ ತಂದು ನಿಲ್ಲಿಸೋದು. ಅವರಿಗೆ ಒಂದು ಕಡೆಯಿಂದ 4 ಲಕ್ಷ ಬರಬೇಕು, ಆರು ತಿಂಗಳಾಯ್ತು. ಮೂರನೆಯವರು ಅಕ್ಕ, ಮಾಲೆ ಕಟ್ಟೋದು, ಮಂಟಪಕ್ಕೆ ಹೂವಿನ ಅಲಂಕಾರ.

ಡಿಐಸಿಯಲ್ಲಿ (ಜಿಲ್ಲಾ ಕೈಗಾರಿಕಾ ಕೇಂದ್ರ) ಕೇಳಿದ್ರೆ ಪಿಎಂಇಜಿಪಿ (ಹೊಸ ಘಟಕಕ್ಕೆ ಸಬ್ಸಿಡಿ ಜೊತೆಗಿನ ಸಾಲ) ಅಂತಾರೆ. ಬ್ಯಾಂಕಲ್ಲಿ ಮುದ್ರಾ ಅಂತಾರೆ. ಸೈಬರ್ ಸೆಂಟರಲ್ಲಿ ಉದ್ಯಮ್ ನೋಂದಣಿಗೆ (ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ) 1,500 ಕೇಳಿದ್ರು. ಎಲ್ಲಿಂದ ಹಿಡೀಬೇಕು?

ಕಡತ_ಬಲ್ಲವ

ಮೊದಲು ಆ 1,500 ಉಳಿಸಿ. ಉದ್ಯಮ್ ನೋಂದಣಿಗೆ ಒಂದು ಪೈಸೆ ಶುಲ್ಕ ಇಲ್ಲ. ಕೇಂದ್ರದ ಪೋರ್ಟಲ್ ವಿಳಾಸ gov.in ಅಂತ ಮುಗಿಯುತ್ತೆ, ಹಾಗೆ ಮುಗಿಯದಿದ್ದರೆ ಮುಚ್ಚಿಬಿಡಿ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆ ಇದ್ದರೆ ಕೂತಲ್ಲೇ ಅರ್ಧ ಗಂಟೆಯ ಕೆಲಸ. ಆದರೆ ಎರಡು ಕಡೆ ಎಚ್ಚರ. "ಸರ್ವಿಸಸ್" ಅಂತ ಆರಿಸಿ, "ಟ್ರೇಡಿಂಗ್" ಒತ್ತಬೇಡಿ. ಟ್ರೇಡಿಂಗ್ ಆದರೆ ಸಿಗೋದು ಬ್ಯಾಂಕಿನ ಆದ್ಯತಾ ವಲಯದ ಸಾಲ ಮಾತ್ರ. ತಡವಾದ ಬಿಲ್ಲಿನ ರಕ್ಷಣೆಯೂ ಇಲ್ಲ, ಟೆಂಡರ್ ವಿನಾಯಿತಿಯೂ ಇಲ್ಲ. ಎರಡನೆಯದು ಎನ್‌ಐಸಿ ಕೋಡ್, ಅಂದರೆ ಯಾವ ಕೆಲಸ ಅಂತ ಗುರುತಿಸೋ ಸಂಖ್ಯೆ. ಸಮ್ಮೇಳನ, ಪ್ರದರ್ಶನ ಏರ್ಪಡಿಸೋದಕ್ಕೆ 82300, ಸಮಾರಂಭದ ಅಡುಗೆಗೆ 56210. ಒಂದೇ ಹಾಕಬೇಕು ಅಂತೇನಿಲ್ಲ, ಮಾಡುವ ಕೆಲಸಕ್ಕೆಲ್ಲ ಹಾಕಿ. ಮುಂದೆ ಟೆಂಡರ್ ನೋಡುವವರು ಈ ಕೋಡನ್ನೇ ಮೊದಲು ನೋಡೋದು.

ಇನ್ನು ಮುಖ್ಯ ಮಾತು. ಹೊರಗಿನವರಿಗೆ ಮೂರೂ "ಈವೆಂಟ್" ಅಂತ ಕಾಣುತ್ತೆ, ಸರ್ಕಾರದ ಲೆಕ್ಕದಲ್ಲಿ ಮೂರೂ ಬೇರೆ ಬೇರೆ. ಸಾಮಾನು ಇರುವವರಿಗೆ ಸಬ್ಸಿಡಿ ಯೋಜನೆ ಕೂಡುತ್ತೆ, ಯಾಕಂದ್ರೆ ಬ್ಯಾಂಕಿಗೆ ಬರೆದುಕೊಳ್ಳೋಕೆ ಏನಾದ್ರೂ ಇರುತ್ತೆ. ಸಾಮಾನು ಇಲ್ಲದೆ ಫೋನ್ ಮೇಲೆ ನಡೆಯೋ ಕೆಲಸಕ್ಕೆ ಸಬ್ಸಿಡಿ ಹುಡುಕೋದು ವ್ಯರ್ಥ ಓಡಾಟ. ಅವರಿಗೆ ಬೇಕಾದದ್ದು ಬಾಕಿ ವಸೂಲಿಯ ಕಾನೂನು, ಇಎಂಡಿ (ಟೆಂಡರ್ ಠೇವಣಿ) ವಿನಾಯಿತಿ, ಸಣ್ಣದೊಂದು ಸಿಸಿ ಮಿತಿ (ಬೇಕಾದಾಗ ತೆಗೆದು ಕಟ್ಟೋ ಬ್ಯಾಂಕ್ ಸಾಲ). ಕೈಕೆಲಸದವರದ್ದು ಮೂರನೇ ದಾರಿ. ಎಲ್ಲರೂ ಪಿಎಂಇಜಿಪಿ ಸಾಲಿನಲ್ಲೇ ನಿಲ್ತಾರೆ, ಅದೇ ತಪ್ಪು.

ಸಾಲದ_ಲೆಕ್ಕ

ಶಾಮಿಯಾನದವರಿಗೆ ಪಿಎಂಇಜಿಪಿ ಸರಿಯಾಗೇ ಕೂಡುತ್ತೆ. ಸೇವಾ ಘಟಕಕ್ಕೆ ಯೋಜನಾ ವೆಚ್ಚದ ಮಿತಿ 20 ಲಕ್ಷ (ಉತ್ಪಾದನೆಗೆ 50). 5 ಲಕ್ಷ ದಾಟಿದರೆ ಅರ್ಜಿದಾರರು ಎಂಟನೇ ತರಗತಿ ಪಾಸಾಗಿರಬೇಕು. ಗಂಡ–ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ.

12 ಲಕ್ಷದ ಲೆಕ್ಕ ಹೀಗೆ. ಸಾಮಾನ್ಯ ವರ್ಗದ ಪುರುಷ, ಗೋಡೌನ್ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ: ಸ್ವಂತ ಹಣ ಶೇ. 10, ಅಂದರೆ 1.2 ಲಕ್ಷ. ಬ್ಯಾಂಕ್ ಕೊಡೋದು 10.8 ಲಕ್ಷ. ಸಬ್ಸಿಡಿ ಶೇ. 25, ಅಂದರೆ 3 ಲಕ್ಷ. ಅದೇ ಅರ್ಜಿ ಮಹಿಳೆ, ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರು, ಮಾಜಿ ಸೈನಿಕರು ಅಥವಾ ಅಂಗವಿಕಲರ ಹೆಸರಲ್ಲಾದರೆ ಸ್ವಂತ ಹಣ ಶೇ. 5 (60,000), ಸಬ್ಸಿಡಿ ಶೇ. 35 (4.2 ಲಕ್ಷ). ಗೋಡೌನ್ ನಗರದೊಳಗೆ ಇದ್ದರೆ ಸಬ್ಸಿಡಿ ಕ್ರಮವಾಗಿ ಶೇ. 15 ಮತ್ತು 25ಕ್ಕೆ ಇಳಿಯುತ್ತೆ. ಊರಾಚೆ ಎರಡು ಕಿಲೋಮೀಟರ್ ಹೋದರೆ 12 ಲಕ್ಷಕ್ಕೆ 1.2 ಲಕ್ಷ ವ್ಯತ್ಯಾಸ. ಆದರೆ ಬೋರ್ಡು ಹಳ್ಳೀಲಿ, ಸಾಮಾನು ಪೇಟೇಲಿ ಅನ್ನೋ ಆಟ ಬೇಡ, ಸ್ಥಳ ಪರಿಶೀಲನೆಗೆ ಬಂದೇ ಬರ್ತಾರೆ.

ಸಬ್ಸಿಡಿ ಕೈಗೆ ಬರೋ ದುಡ್ಡಲ್ಲ. ಬ್ಯಾಂಕಲ್ಲಿ ನಿಮ್ಮ ಹೆಸರಿನ ಟಿಡಿಆರ್ (ಅವಧಿ ಠೇವಣಿ) ಆಗಿ 3 ವರ್ಷ ಕೂತಿರುತ್ತೆ. ಅದಕ್ಕೆ ಬಡ್ಡಿ ಬರಲ್ಲ, ಸಾಲದ ಅಷ್ಟು ಭಾಗಕ್ಕೆ ನಿಮ್ಮಿಂದ ಬಡ್ಡಿ ಹಿಡಿಯೋದೂ ಇಲ್ಲ. ಮೇಲಿನ ಮೊದಲ ಲೆಕ್ಕದಲ್ಲಿ ಬಡ್ಡಿ ಬೀಳೋದು 7.8 ಲಕ್ಷಕ್ಕೆ. ಬಡ್ಡಿ ಪೂರ್ತಿ 10.8ಕ್ಕೆ ಬಿದ್ದಿದೆಯಾ ಅಂತ ಸ್ಟೇಟ್‌ಮೆಂಟ್ ನೋಡಿ. ಟಿಡಿಆರ್ ಆದ ತಾರೀಖಿನಿಂದಲೇ ಆ ಕಡಿತ ಸಿಗಬೇಕು.

ಬಾಡಿಗೆ ವ್ಯವಹಾರದವರು ಗೊತ್ತಿಲ್ಲದೆ ಸಿಕ್ಕಿಬೀಳೋ ಜಾಗ ದುಡಿಯುವ ಬಂಡವಾಳ. ಪ್ರಾಜೆಕ್ಟ್ ರಿಪೋರ್ಟ್ ಬರೆಯೋರು ಮೊತ್ತ ತುಂಬಿಸೋಕೆ 4 ಲಕ್ಷ ವರ್ಕಿಂಗ್ ಕ್ಯಾಪಿಟಲ್ ಅಂತ ಸೇರಿಸ್ತಾರೆ. ನಿಯಮ ಏನಂದ್ರೆ ಆ ಮೂರು ವರ್ಷದೊಳಗೆ ಸಿಸಿ ಮಿತಿ ಒಮ್ಮೆಯಾದರೂ ಪೂರ್ತಿ ಮುಟ್ಟಬೇಕು, ಬಳಕೆ ಶೇ. 75ಕ್ಕಿಂತ ಕೆಳಗಿಳಿಯಬಾರದು. ಶಾಮಿಯಾನಕ್ಕೆ ಅಷ್ಟು ಕಚ್ಚಾ ಮಾಲು ಎಲ್ಲಿಂದ ಬರಬೇಕು? ಆಷಾಢದಲ್ಲಿ ಖಾತೆ ಮಲಗಿರುತ್ತೆ. ಕೊನೆಗೆ ಬಳಸದ ಭಾಗದ ಸಬ್ಸಿಡಿ ವಾಪಸ್ ಕೇಳ್ತಾರೆ. ಕೂಲಿ, ಡೀಸೆಲ್, ಲಾರಿ ಬಾಡಿಗೆಗೆ ಬೇಕಾದಷ್ಟೇ ಬರೆಸಿ, ಉಳಿದದ್ದು ಟರ್ಮ್ ಲೋನ್‌ನಲ್ಲೇ ಇರಲಿ.

ಮಂಟಪ_ಹರಿಹರ

ಕೊಟೇಶನ್ ವಿಚಾರ? ಬೆಂಗಳೂರಲ್ಲಿ ಹಳೇ ಟ್ರಸ್ (ಸ್ಟೇಜ್, ಲೈಟಿನ ಲೋಹದ ಚೌಕಟ್ಟು), ಎಲ್‌ಇಡಿ ವಾಲ್ ಅರ್ಧ ರೇಟಿಗೆ ಸಿಗುತ್ತೆ ಅಂತಾರೆ.

ಸಾಲದ_ಲೆಕ್ಕ

ಹಳೇ ಸಾಮಾನಿಗೆ ಈ ಸಾಲದಲ್ಲಿ ದಾರಿ ಇಲ್ಲ ಅಂತಲೇ ಇಟ್ಕೊಳ್ಳಿ. ಜಿಎಸ್‌ಟಿ ಇರುವ ಡೀಲರ್ ಕೊಟೇಶನ್ ಕೊಡಬೇಕು, ಬ್ಯಾಂಕ್ ನೇರ ಅವರ ಖಾತೆಗೆ ಹಾಕುತ್ತೆ. ಕೊಟೇಶನ್‌ನಲ್ಲಿ "ಶಾಮಿಯಾನ ಸೆಟ್ – 1" ಅಂತ ಒಂದೇ ಸಾಲು ಬರೆಸಬೇಡಿ. ಬಟ್ಟೆ ಎಷ್ಟು ಅಡಿಗೆ ಎಷ್ಟು, ಎಷ್ಟು ಪೀಸ್, ಜಿಐ ಪೈಪ್ ಎಷ್ಟು, ಕುರ್ಚಿ ಎಷ್ಟು, ಜನರೇಟರ್ ಎಷ್ಟು ಕೆವಿಎ, ಬಿಡಿಬಿಡಿಯಾಗಿ ಇರಲಿ. ಪರಿಶೀಲನೆಗೆ ಬಂದವರು ಎಣಿಸೋದು ಆ ಪಟ್ಟಿ ಹಿಡಿದು. ಮದುವೆ ಸೀಜನ್ನಲ್ಲಿ ಬಂದರೆ ಗೋಡೌನ್ ಖಾಲಿ ಇರುತ್ತೆ, ಆಗ ಬುಕಿಂಗ್ ರಿಜಿಸ್ಟರೇ ಗತಿ. ಯಾವ ತಾರೀಖು, ಯಾವ ಊರು, ಎಷ್ಟು ಕುರ್ಚಿ ಹೋಗಿದೆ ಅಂತ ಮೊದಲ ದಿನದಿಂದ ಬರೀರಿ. ಸಬ್ಸಿಡಿಯ ಬೋರ್ಡ್ ಹಾಕೋದೂ ಕಡ್ಡಾಯ, ಮರೀಬೇಡಿ.

ಟ್ರಸ್_ಮತ್ತು_ಲೈಟು

ಎಲ್‌ಇಡಿ ವಾಲ್ ಬಗ್ಗೆ ನನ್ನದೊಂದು ತಕರಾರು. ಐದಾರು ವರ್ಷದ ಸಾಲದಲ್ಲಿ ಎಲ್‌ಇಡಿ ವಾಲ್ ತಗೊಳ್ಳೋದು ತಪ್ಪು ಲೆಕ್ಕ. ಇವತ್ತು ಪಿ4 ಪರದೆ ತಂದರೆ ನಾಳೆ ಗಿರಾಕಿ ಇನ್ನೂ ಸ್ಪಷ್ಟವಾದ ಪಿ3, ಪಿ2.6 ಕೇಳ್ತಾನೆ, ಬಾಡಿಗೆ ಅರ್ಧಕ್ಕೆ ಬೀಳುತ್ತೆ, ಕಂತು ಹಾಗೇ ಇರುತ್ತೆ. ಒಂದು ಮಾಡ್ಯೂಲ್ ಸತ್ತರೆ ಅದೇ ಬ್ಯಾಚಿನದು ಸಿಗಲ್ಲ, ಬೇರೆ ಬ್ಯಾಚಿಂದು ಹಾಕಿದರೆ ಪರದೆ ಮೇಲೆ ತೇಪೆ ಹಾಕಿದ ಹಾಗೆ ಬಣ್ಣ ಬೇರೆ ಕಾಣುತ್ತೆ. ಅದನ್ನ ಬಾಡಿಗೆಗೇ ತನ್ನಿ. ಅಲ್ಯೂಮಿನಿಯಂ ಟ್ರಸ್, ಜಿಐ ಪೈಪು, ಸ್ಟೇಜ್ ಪ್ಲೈವುಡ್ ಫ್ರೇಮ್, ಪಾತ್ರೆ: ಇವು ಸಾಲ ತೀರಿದ ಮೇಲೂ ದುಡಿಯುತ್ತವೆ. ಬಟ್ಟೆ ಮೂರ್ನಾಲ್ಕು ಸೀಜನ್, ಮಳೆ ಸಿಕ್ಕರೆ ಅದೂ ಇಲ್ಲ. ಒದ್ದೆ ಬಟ್ಟೆ ಮಡಚಿಟ್ಟರೆ ಒಂದೇ ವಾರಕ್ಕೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ. ಗೋಡೌನ್ ಯೋಚನೆ ಮಾಡುವಾಗ ಬಟ್ಟೆ ಒಣಗಿಸೋಕೆ ಜಾಗವನ್ನೂ ಸೇರಿಸಿ.

ಕಡತ_ಬಲ್ಲವ

ಹಳೇ ಘಟಕದ ಬಗ್ಗೆ ಒಂದು ಮಾತು. ಪಿಎಂಇಜಿಪಿ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಆಗಲೇ ನಡೀತಿರೋದನ್ನ ಹೊಸದು ಅಂತ ತೋರಿಸಿದರೆ ಹಳೇ ಜಿಎಸ್‌ಟಿ, ಹಳೇ ಉದ್ಯಮ್ ತಾರೀಖೇ ಸುಳ್ಳನ್ನ ಬಯಲು ಮಾಡುತ್ತೆ. ಈಗಾಗಲೇ ನಡೆಸ್ತಿರೋರಿಗೆ ಮುದ್ರಾ ಇದೆ: ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ತರುಣ್ ಪ್ಲಸ್. ಅಡಮಾನ ಇಲ್ಲ, ಸಬ್ಸಿಡಿಯೂ ಇಲ್ಲ. ಅದಕ್ಕಿಂತ ದೊಡ್ಡದಕ್ಕೆ ಬ್ಯಾಂಕಿನವರು ಸೈಟಿನ ಪತ್ರ ಕೇಳಿದರೆ ಸಿಜಿಟಿಎಂಎಸ್‌ಇ ಗ್ಯಾರಂಟಿಯಡಿ (ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕಿಗೆ ಸರ್ಕಾರಿ ಟ್ರಸ್ಟ್ ಕೊಡೋ ಖಾತರಿ) ಕೊಡಿ ಅಂತ ಲಿಖಿತವಾಗಿ ಕೇಳಿ. ವರ್ಷಕ್ಕೆ ಗ್ಯಾರಂಟಿ ಶುಲ್ಕ ಬೀಳುತ್ತೆ, ಪತ್ರ ಮನೇಲೇ ಇರುತ್ತೆ. ಶಾಖೆಯಲ್ಲಿ ಅರ್ಜಿ ಕೊಳೀತಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ.

ಇನ್ನೊಂದು. ಪಿಎಂಇಜಿಪಿಗೆ 2025–26ರವರೆಗೆ ಅಂತ ಮಂಜೂರಾತಿ ಇದ್ದದ್ದು. ರಿಪೋರ್ಟ್ ಬರೆಸೋಕೆ ದುಡ್ಡು ಸುರಿಯೋ ಮುಂಚೆ ಡಿಐಸಿಯಲ್ಲಿ ಈ ಸಾಲಿನ ಗುರಿ ಎಷ್ಟು ಉಳಿದಿದೆ ಕೇಳಿ.

ಹೂಬುಟ್ಟಿ

ಅಕ್ಕನ ವಿಷಯಕ್ಕೆ ಬರ್ತೀನಿ. ಪಿಎಂ ವಿಶ್ವಕರ್ಮದ 18 ಕಸುಬಿನಲ್ಲಿ ಮಾಲೆ ಕಟ್ಟುವವರೂ ಇದ್ದಾರೆ. ಬಡಗಿ, ಕಮ್ಮಾರರ ಹೆಸರೇ ಎಲ್ಲರ ಬಾಯಲ್ಲಿ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ತರಬೇತಿ ದಿನಕ್ಕೆ 500 ಭತ್ಯೆ, 15,000ದ ಟೂಲ್‌ಕಿಟ್ ವೋಚರ್, ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ಸಾಲ. ಬಡ್ಡಿ ಶೇ. 5, ಅಡಮಾನ ಇಲ್ಲ. ಅರ್ಜಿ ಸಿಎಸ್‌ಸಿ ಕೇಂದ್ರದಲ್ಲಿ, ಬೆರಳಚ್ಚು ಕೊಡಬೇಕು, ಆಮೇಲೆ ಗ್ರಾಮ ಪಂಚಾಯಿತಿ ಅಥವಾ ನಗರಸಭೆ ಪರಿಶೀಲನೆ.

ಆದರೆ ಇಲ್ಲೊಂದು ಗಂಟು ಇದೆ. ಇದು ಕುಟುಂಬಕ್ಕೆ ಒಬ್ಬರಿಗೆ. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಹಾಗಾಗಿ ಮದುವೆಯಾದ ಅಣ್ಣ–ತಂಗಿ ಬೇರೆ ಬೇರೆ ಕುಟುಂಬ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಇಲ್ಲ. ಕಳೆದ 5 ವರ್ಷದಲ್ಲಿ ಪಿಎಂಇಜಿಪಿ ಸಾಲ ತಗೊಂಡಿದ್ದರೂ ಇಲ್ಲ. ಮುದ್ರಾ ತಗೊಂಡು ಪೂರ್ತಿ ತೀರಿಸಿದ್ದರೆ ಪರವಾಗಿಲ್ಲ.

ಸಾಲದ_ಲೆಕ್ಕ

ಮೇಡಂ, ಉದ್ಯೋಗಿನಿಯನ್ನೂ ಸೇರಿಸಿ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ್ದು, 18ರಿಂದ 55 ವರ್ಷ, 3 ಲಕ್ಷದವರೆಗೆ ಸಾಲ. ಎಸ್‌ಸಿ/ಎಸ್‌ಟಿಗೆ ಶೇ. 50 ಸಹಾಯಧನ, ಉಳಿದವರಿಗೆ ಶೇ. 30, ಗರಿಷ್ಠ 90,000.

ಹೂಬುಟ್ಟಿ

ಹೌದು ಸರ್, ಆದರೆ ಸಾಮಾನ್ಯ ವರ್ಗಕ್ಕೆ ವಾರ್ಷಿಕ ಆದಾಯ ಮಿತಿ 1.5 ಲಕ್ಷ. ಮಂಟಪ ಅಲಂಕಾರದಲ್ಲಿ ಅಷ್ಟಿಷ್ಟು ದುಡಿಯೋರ ಮನೆಯ ಆದಾಯ ಪ್ರಮಾಣಪತ್ರ ಅದರೊಳಗೆ ಬರೋದು ಕಷ್ಟ. ಅಲ್ಲದೆ ಗುರಿ ಕಡಿಮೆ, ಅರ್ಜಿ ಜಾಸ್ತಿ. ಸೇವಾಸಿಂಧುವಿನಲ್ಲಿ ಅರ್ಜಿ ಕರೆದಾಗ ಹಾಕಿ, ಅದನ್ನೇ ನಂಬ್ಕೊಂಡು ಕೂರಬೇಡಿ. ಫೋಟೊ–ವಿಡಿಯೊ, ಬ್ಯೂಟಿ ಪಾರ್ಲರ್ ಥರದ ಕೆಲಸ ಕಲಿಯೋರಿಗೆ ಜಿಲ್ಲೆಗೊಂದಿರುವ ಆರ್‌ಸೆಟಿ (ಬ್ಯಾಂಕುಗಳು ನಡೆಸೋ ಸ್ವಉದ್ಯೋಗ ತರಬೇತಿ ಕೇಂದ್ರ) ಒಳ್ಳೇದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲೇ ದೇಶಕ್ಕೆಲ್ಲ ಹಬ್ಬಿದ್ದು. ಊಟ, ವಸತಿ, ಪಾಠ ಎಲ್ಲ ಉಚಿತ. ಅಲ್ಲಿಯ ಸರ್ಟಿಫಿಕೇಟ್ ಇದ್ದರೆ ಬ್ಯಾಂಕಿನವರು ಮಾತಾಡೋ ಧಾಟಿಯೇ ಬೇರೆ.

ಬಾಕಿ_ವಸೂಲಿ

ಈಗ ಆ 4 ಲಕ್ಷ. ಅದಕ್ಕೆ ಸಣ್ಣ ಉದ್ದಿಮೆಗಳ ಎಂಎಸ್‌ಎಂಇಡಿ ಕಾಯ್ದೆ 2006 ಇದೆ. ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಒಪ್ಪಂದವೇ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಪಿಒದಲ್ಲಿ (ಅವರು ಕೊಡೋ ಆರ್ಡರ್ ಪತ್ರ) 90 ದಿನ ಅಂತ ಬರೆಸಿಕೊಂಡಿದ್ದರೂ ಕಾಯ್ದೆ ಮುಂದೆ ಅದು ನಿಲ್ಲಲ್ಲ. ತಪ್ಪಿದರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಬ್ಯಾಂಕ್ ರೇಟ್ ಶೇ. 5.5 ಅಂತಿಟ್ಟುಕೊಂಡರೆ ವರ್ಷಕ್ಕೆ ಶೇ. 16.5. ಗಡುವು ಮೀರಿ ಆರು ತಿಂಗಳಾದರೆ 4 ಲಕ್ಷಕ್ಕೆ ಬಡ್ಡಿಯೇ ಸುಮಾರು 34,150.

ಹಕ್ಕು ಇರೋದು ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ, ಮಧ್ಯಮಕ್ಕಲ್ಲ. ಕೆಲಸ ಮಾಡುವಾಗ ಉದ್ಯಮ್ ನೋಂದಣಿ ಇದ್ದಿರಬೇಕು. ಕೇಸ್ ಬಿದ್ದ ಮೇಲೆ ನೋಂದಾಯಿಸಿ ಹಳೇ ಬಿಲ್ಲಿಗೆ ಹಚ್ಚೋಕೆ ಹೋದವರು ಇಲ್ಲೇ ಎಡವೋದು. ಅದಕ್ಕೇ ಮೇಲಿನವರು ಹೇಳಿದ ಆ ಅರ್ಧ ಗಂಟೆಯ ಕೆಲಸ ಇವತ್ತೇ ಮುಗಿಸಿ.

ಕಾಗದ ಹೇಗಿರಬೇಕು ಅಂದ್ರೆ: ಸಮಾರಂಭದ ಮುಂಚೆ ದರ, ಪಟ್ಟಿ, ಪಾವತಿ ದಿನ ಬರೆದ ಇಮೇಲ್, ಅದಕ್ಕೆ ಅವರ "ಓಕೆ". ಸಮಾರಂಭ ಮುಗಿದ ರಾತ್ರಿಯೇ ಅವರ ಕಡೆಯವರಿಂದ ಒಂದು ಸಾಲು, "ಕೆಲಸ ಒಪ್ಪಂದದಂತೆ ಮುಗಿದಿದೆ." ವಾಟ್ಸಾಪ್ ಆದರೂ ಸರಿ, ಇಮೇಲ್ ಮೇಲು. ಸೇವೆ ಮುಗಿದು 15 ದಿನದೊಳಗೆ ಅವರು ಬರವಣಿಗೆಯಲ್ಲಿ ಆಕ್ಷೇಪ ಎತ್ತದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ. ಆರು ತಿಂಗಳಾದ ಮೇಲೆ "ಮೈಕ್ ಸರಿ ಇರಲಿಲ್ಲ" ಅನ್ನೋರ ಬಾಯಿ ಮುಚ್ಚಿಸೋದು ಇದೇ. ಇನ್‌ವಾಯ್ಸ್ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ.

ದೂರು ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ. ಅಲ್ಲಿಂದ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತೆ, ಮೊದಲು ರಾಜಿ, ಆಗದಿದ್ದರೆ ಮಧ್ಯಸ್ಥಿಕೆ. ಕಾಯ್ದೆ 90 ದಿನ ಅನ್ನುತ್ತೆ, ಅಷ್ಟರಲ್ಲಿ ಮುಗಿಯುತ್ತೆ ಅಂತ ನಂಬಿ ಕೂತರೆ ಬೇಸರ ಆಗುತ್ತೆ. ಆದರೂ ಬಲ ಎಲ್ಲಿದೆ ಅಂದ್ರೆ, ಆದೇಶದ ವಿರುದ್ಧ ಅವರು ಕೋರ್ಟಿಗೆ ಹೋಗಬೇಕಾದರೆ ಶೇ. 75 ಹಣ ಮೊದಲು ಕಟ್ಟಬೇಕು. ಬಹಳ ಸಲ ದೂರಿನ ತನಕ ಹೋಗೋದೇ ಬೇಡ. ಮಾರ್ಚ್ ಮೊದಲ ವಾರ ಅವರ ಅಕೌಂಟ್ಸ್ ವಿಭಾಗಕ್ಕೆ ಒಂದು ಇಮೇಲ್ ಹಾಕಿ: ನಾವು ಸೂಕ್ಷ್ಮ ಘಟಕ, ಗಡುವು ಮೀರಿದೆ, ಕೊಡದಿದ್ದರೆ ಈ ವರ್ಷ ನಿಮಗೆ ಇದು ಖರ್ಚು ಅಂತ ಆದಾಯ ತೆರಿಗೆಯಲ್ಲಿ ಸಿಗಲ್ಲ ಅಂತ. 2024ರ ಏಪ್ರಿಲ್‌ನಿಂದ ಜಾರಿಯಾದ ನಿಯಮ ಅದು. ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳದ್ದನ್ನ ಅವರ ಆಡಿಟರ್ ಹಾಕಿಕೊಳ್ತಾರೆ.

ಇದರ ಇನ್ನೊಂದು ಮುಖವೂ ಇದೆ. ಸೌಂಡಿನವನಿಗೆ, ಶಾಮಿಯಾನದವನಿಗೆ ನೀವೇ "ಖರೀದಿದಾರ". "ಪಾರ್ಟಿ ಕೊಟ್ಟ ಮೇಲೆ ಕೊಡ್ತೀನಿ" ಅನ್ನೋ ಮಾತು 45 ದಿನದಾಚೆ ನಿಮ್ಮನ್ನೂ ಕಾಯಲ್ಲ. ಹಾಗಾಗಿ ಮುಂಗಡ ಶೇ. 50 ಇಲ್ಲದೆ ಕಂಪನಿ ಕೆಲಸ ಹಿಡೀಬೇಡಿ.

ಟೆಂಡರ್_ಪೆಟ್ಟಿಗೆ

ಸರ್ಕಾರಿ ಕಾರ್ಯಕ್ರಮಗಳ ಬಗ್ಗೆ. ಕೇಂದ್ರದ ಇಲಾಖೆ, ಸಾರ್ವಜನಿಕ ಉದ್ದಿಮೆಗಳಿಗೆ ಜೆಮ್ ಅನ್ನೋ ಖರೀದಿ ಪೋರ್ಟಲ್. ರಾಜ್ಯದ ಉತ್ಸವ, ಜಯಂತಿ, ಮೇಳಗಳಿಗೆ ಕೆಪಿಪಿಪಿ ಅನ್ನೋ ರಾಜ್ಯದ ಟೆಂಡರ್ ಪೋರ್ಟಲ್. ಕೆಪಿಪಿಪಿಗೆ ಕ್ಲಾಸ್ 3 ಡಿಜಿಟಲ್ ಸಹಿ ಬೇಕು. ಕೊನೇ ದಿನ ಹಾಕೋಕೆ ಕೂತರೆ ಟೋಕನ್ ಡ್ರೈವರ್ ಕೈಕೊಡುತ್ತೆ, ಎರಡು ದಿನ ಮುಂಚೆಯೇ ಅಪ್‌ಲೋಡ್ ಮುಗಿಸಿ. ಜೆಮ್‌ನಲ್ಲಿ ಈವೆಂಟ್, ಸೆಮಿನಾರ್, ಎಕ್ಸಿಬಿಷನ್ ನಿರ್ವಹಣೆಗೆ ಬೇರೆಯೇ ಸೇವಾ ವರ್ಗ ಇದೆ.

ಕೇಂದ್ರದ ಖರೀದಿ ನೀತಿ (2012) ಪ್ರಕಾರ ಸೂಕ್ಷ್ಮ, ಸಣ್ಣ ಸೇವಾ ಘಟಕಕ್ಕೆ ಇಎಂಡಿ ಇಲ್ಲ, ಟೆಂಡರ್ ಶುಲ್ಕವೂ ಇಲ್ಲ. ಬಹಳ ಜನ ಇಲ್ಲೇ ಖುಷಿಯಾಗಿ ಬಿಡ್ತಾರೆ. ವಿನಾಯಿತಿ ಇಎಂಡಿಗೆ ಮಾತ್ರ, ಪರ್ಫಾರ್ಮೆನ್ಸ್ ಸೆಕ್ಯೂರಿಟಿಗಲ್ಲ (ಕೆಲಸ ಸಿಕ್ಕ ಮೇಲೆ ಇಡೋ ಭದ್ರತೆ). ಶೇ. 3ರಿಂದ 5ರಷ್ಟು ಬ್ಯಾಂಕ್ ಗ್ಯಾರಂಟಿ ಬೇಕು, ಸಣ್ಣವರಿಗೆ ಬ್ಯಾಂಕು ಅದಕ್ಕೆ ಅಷ್ಟೇ ಮೊತ್ತದ ಎಫ್‌ಡಿ ಇಡಿಸಿಕೊಳ್ಳುತ್ತೆ. ಹಳೇ ಅನುಭವ, ವಹಿವಾಟಿನ ಷರತ್ತಿನಲ್ಲಿ ಸಡಿಲಿಕೆ ಕೊಡೋದು ಆ ಕಚೇರಿಯ ಇಷ್ಟ. ಬಿಡ್ ದಾಖಲೆಯಲ್ಲಿ ಆ ಸಾಲಿನ ಎದುರು "ಎಸ್" ಇದೆಯಾ ನೋಡಿ, ಇಲ್ಲದಿದ್ದರೆ ನಿಮ್ಮ ಕಾಗದ ತೆರೆದೂ ನೋಡಲ್ಲ.

6 ಲಕ್ಷದ ಒಂದು ಕೆಲಸದ ದುಡ್ಡು ಹೇಗೆ ಓಡುತ್ತೆ ನೋಡಿ. ಜಿಎಸ್‌ಟಿ ಶೇ. 18 ಸೇರಿ ಬಿಲ್ 7.08 ಲಕ್ಷ. ಬಿಲ್ ಪಾಸಾಗುವಾಗ ಜಿಎಸ್‌ಟಿ ಟಿಡಿಎಸ್ ಶೇ. 2, ಅಂದರೆ 12,000 ಹಿಡೀತಾರೆ (2.5 ಲಕ್ಷ ಮೀರಿದ ಗುತ್ತಿಗೆಗೆ). ಆದಾಯ ತೆರಿಗೆ ಟಿಡಿಎಸ್ ಮಾಲೀಕ ವ್ಯಕ್ತಿಯಾದರೆ ಶೇ. 1, ಅಂದರೆ 6,000. ಇವು ಮುಂದೆ ಸಿಗುತ್ತವೆ, ಆದರೆ ಈಗ ಕೈಯಲ್ಲಿಲ್ಲ. ಬಿಲ್ ಪಾಸಾಗೋದು ಮೂರು ತಿಂಗಳಿಗೆ, ಜಿಎಸ್‌ಟಿ ಕಟ್ಟೋದು ಮುಂದಿನ ತಿಂಗಳ 20ಕ್ಕೆ. ಇಲ್ಲಿ ಮುಗ್ಗರಿಸಿದವರೇ ಹೆಚ್ಚು.

ಅಂದಹಾಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ನೋಂದಾಯಿತ ಸಂಘ ಸಂಸ್ಥೆಗಳಿಗೆ, ವ್ಯಾಪಾರಿ ಘಟಕಕ್ಕಲ್ಲ. ಸಂಘ ಅದರಲ್ಲಿ ಕಾರ್ಯಕ್ರಮ ಮಾಡಿ ನಿಮಗೆ ಶಾಮಿಯಾನ ಹೇಳಬಹುದು, ಅಷ್ಟೇ. ಆ ಬಿಲ್ಲು ಕೂಡ ಸಂಘಕ್ಕೆ ಹಣ ಬಂದ ಮೇಲೆಯೇ ಅಂತ ಇಟ್ಕೊಳ್ಳಿ.

ತೆರಿಗೆ_ಕಟ್ಟೆ

ಮೇಲಿನವರ ಮಾತಿಗೆ ಸೇರಿಸ್ತೀನಿ. ಸೇವೆ ಮುಗಿದು 30 ದಿನದೊಳಗೆ ಇನ್‌ವಾಯ್ಸ್ ಹಾಕಬಹುದು. ಕಾರ್ಯಕ್ರಮ 26ಕ್ಕಿದ್ದರೆ ಬಿಲ್ಲಿನ ತಾರೀಖು ಮುಂದಿನ ತಿಂಗಳ 1 ಆಗಲಿ, ತೆರಿಗೆ ಕಟ್ಟೋಕೆ ಪೂರಾ ಒಂದು ತಿಂಗಳು ಜಾಸ್ತಿ ಸಿಗುತ್ತೆ. ಕಾನೂನುಬದ್ಧವಾದದ್ದೇ. ಆದರೆ ಸೇವೆಯಲ್ಲಿ ಮುಂಗಡಕ್ಕೆ ಮುಂಗಡ ಬಂದಾಗಲೇ ಜಿಎಸ್‌ಟಿ. ಮಾರ್ಚ್‌ನಲ್ಲಿ ತಗೊಂಡ ಮೇ ತಿಂಗಳ ಮದುವೆಯ ಅಡ್ವಾನ್ಸ್ ಮಾರ್ಚ್ ರಿಟರ್ನ್‌ನಲ್ಲಿ ಬರಬೇಕು.

ಸೇವೆಗೆ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ, 40 ಅಲ್ಲ. 40 ಸರಕು ಮಾರುವವರಿಗೆ. ವಹಿವಾಟು 50 ಲಕ್ಷದೊಳಗಿದ್ದು ಗಿರಾಕಿಗಳೆಲ್ಲ ಮದುವೆ ಮನೆಯವರೇ ಆದರೆ ಕಾಂಪೊಸಿಷನ್‌ನಲ್ಲಿ (ಸಣ್ಣವರಿಗಿರೋ ಸರಳ ಜಿಎಸ್‌ಟಿ) ಶೇ. 6 ಕಟ್ಟಿ ನೆಮ್ಮದಿಯಾಗಿರಿ. ಬಿಲ್ಲಿನಲ್ಲಿ ತೆರಿಗೆ ಅಂತ ಬೇರೆ ಕೇಳುವಂತಿಲ್ಲ, ಕೊಂಡಾಗ ಕಟ್ಟಿದ ಜಿಎಸ್‌ಟಿಯನ್ನ ಕಳೆಯೋ ಇನ್‌ಪುಟ್ ಇಲ್ಲ, ಹೊರರಾಜ್ಯದ ಕೆಲಸ ಇಲ್ಲ. ಕಂಪನಿ ಗಿರಾಕಿಗಳಿದ್ದರೆ ಇದು ಬೇಡ, ಅವರಿಗೆ ಇನ್‌ಪುಟ್ ಬೇಕು. ಅಂದರೆ ನಿಮ್ಮ ಮನೆಯಲ್ಲೇ ಹಳ್ಳಿ ಶಾಮಿಯಾನಕ್ಕೆ ಕಾಂಪೊಸಿಷನ್, ದಾವಣಗೆರೆ ಈವೆಂಟ್‌ಗೆ ರೆಗ್ಯುಲರ್. ಇಬ್ಬರ ಪ್ಯಾನ್ ಬೇರೆ ಇದ್ದರೆ ಮಾತ್ರ ಹೀಗೆ ಆಗೋದು. ಒಂದೇ ಪ್ಯಾನ್‌ನಲ್ಲಿ ಎರಡೂ ಇಟ್ಕೊಳ್ಳೋಕಾಗಲ್ಲ.

ಊಟವೂ ನಿಮ್ಮದೇ ಆದರೆ ಅಡುಗೆಯವರ ಶೇ. 5 ಬೇರೆ, ಅಲಂಕಾರದ ಶೇ. 18 ಬೇರೆ. ಒಟ್ಟಿಗೆ ಒಂದೇ ಮೊತ್ತ ಬರೆದರೆ ಪೂರ್ತಿಗೆ 18 ಕೇಳೋಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಟ್ರಸ್_ಮತ್ತು_ಲೈಟು

ಹುಡುಗರ ವಿಷಯ ಯಾರೂ ಎತ್ತಲಿಲ್ಲ. ಕಂಬ ಏರೋರು, ಪೆಂಡಾಲ್ ಕಟ್ಟೋರು. ರಾಜ್ಯ ಅಸಂಘಟಿತ ಕಾರ್ಮಿಕರ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದಲ್ಲಿ ಕಲ್ಯಾಣ ಮಂಟಪ, ಟೆಂಟ್, ಪೆಂಡಾಲ್ ಕೆಲಸಗಾರರೂ ಬರ್ತಾರೆ. ಅಪಘಾತದಲ್ಲಿ ಸತ್ತರೆ 1 ಲಕ್ಷ ಪರಿಹಾರ. ಇ–ಶ್ರಮ್ ಕಾರ್ಡ್ ಜೊತೆಗೇ ಮಾಡಿಸಿ. ಆದರೆ ಇದನ್ನ ತೋರಿಸಿ ನಿಮ್ಮ ವಿಮೆ ತಪ್ಪಿಸಬೇಡಿ. ಲೈನ್ ಕೆಳಗೆ 20 ಅಡಿ ಪೈಪ್ ಎತ್ತಿದರೆ ಏನಾಗುತ್ತೆ ಗೊತ್ತಲ್ಲ. ಕರೆಂಟಿಗೆ ಕಂಬದಿಂದ ಕೊಂಡಿ ಹಾಕದೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಮೂಲಕ ತಾತ್ಕಾಲಿಕ ಸಂಪರ್ಕ ತಗೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಇಲ್ಲ ಅನ್ನೋದನ್ನ ಕರಾರಿನಲ್ಲೇ ಬರೀರಿ. ಇಲ್ಲದಿದ್ದರೆ ಪೊಲೀಸರು ಆಂಪ್ಲಿಫೈಯರ್ ಎತ್ತಿಕೊಂಡು ಹೋದಾಗ ಗಿರಾಕಿ ನಿಮ್ಮ ಬಾಡಿಗೆ ಮುರ್ಕೊಳ್ತಾನೆ.

ಮಂಟಪ_ಹರಿಹರ

ಎಲ್ಲರಿಗೂ ವಂದನೆ. ಕೊನೇ ಪ್ರಶ್ನೆ, ಶಾಮಿಯಾನದ ಸಾಲದ ಕಂತು. ಆಷಾಢ, ಪಿತೃಪಕ್ಷ, ಧನುರ್ಮಾಸ ಮೂರರಲ್ಲೂ ಗಲ್ಲಾಪೆಟ್ಟಿಗೆ ಖಾಲಿ.

ಸಾಲದ_ಲೆಕ್ಕ

ಮಂಜೂರಾತಿ ಪತ್ರಕ್ಕೆ ಸಹಿ ಹಾಕೋ ಮುಂಚೆ ಕೇಳಬೇಕಾದ್ದು ಅದು, ಆಮೇಲೆ ಬದಲಿಸಿದರೆ ಪುನರ್‌ರಚನೆ ಅಂತ ದಾಖಲಾಗುತ್ತೆ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲೇ ತಿಂಗಳವಾರು ಆದಾಯದ ಪಟ್ಟಿ ಹಾಕಿ: ಮಾಘದಿಂದ ಜ್ಯೇಷ್ಠದವರೆಗೆ ಮದುವೆ, ಶ್ರಾವಣದಲ್ಲಿ ಸ್ವಲ್ಪ, ಭಾದ್ರಪದದಲ್ಲಿ ಗಣಪತಿ ಪೆಂಡಾಲ್, ಆಶ್ವಯುಜದಲ್ಲಿ ದಸರಾ, ಕಾರ್ತಿಕ–ಮಾರ್ಗಶಿರದಲ್ಲಿ ಮತ್ತೆ ಮದುವೆ. ಅದನ್ನ ತೋರಿಸಿ ತಿಂಗಳ ಕಂತಿನ ಬದಲು ಮೂರು ತಿಂಗಳಿಗೊಂದು ಕಂತು ಕೇಳಿ. ಆರು ತಿಂಗಳ ಮೊರಟೋರಿಯಂ (ಕಂತು ಕಟ್ಟದ ಬಿಡುವು) ಸಿಗೋದಾದರೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹಣ ಬಿಡಿಸಿಕೊಳ್ಳಿ, ದಸರೆಗೆ ಸಾಮಾನು ಕೈಗೆ ಬರುತ್ತೆ, ಮೊದಲ ಕಂತು ಮಾಘದ ಮದುವೆ ದುಡ್ಡಿನಲ್ಲಿ ಹೋಗುತ್ತೆ. ಏಪ್ರಿಲ್‌ನಲ್ಲಿ ಬಿಡಿಸಿಕೊಂಡರೆ ಸಾಮಾನು ಬರೋ ಹೊತ್ತಿಗೆ ಆಷಾಢ ಕೂತಿರುತ್ತೆ.